ಶಾಲೆ ಗೋಡೆಗೆ ಪರಿಸರ ಕಾಪಾಡಿದವರ ಚಿತ್ರ: ಯಾರ್‍ಯಾರದು ಬರೆಸೋಣ?

ಮಳವಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಶಾಲೆಯ ಮುಂದಿನ ಕಾಂಪೌಂಡ್ ಗೋಡೆ 60 ಅಡಿ ಉದ್ದ ಇದೆ. ಹಳೇ ವಿದ್ಯಾರ್ಥಿಗಳು ಸೇರಿ ಬಣ್ಣದ ಖರ್ಚು ನೋಡಿಕೊಳ್ಳುತ್ತೇವೆ ಅಂದಿದ್ದಾರೆ. ಆಗಸ್ಟ್ 15ರ ಒಳಗೆ ಮುಗಿಯಬೇಕು. ಆರು ಚಿತ್ರಕ್ಕೆ ಜಾಗ ಆಗುತ್ತದೆ.

ಏಳನೇ ತರಗತಿ ಮಕ್ಕಳನ್ನು ಕೇಳಿದೆ, ಪರಿಸರಕ್ಕಾಗಿ ಕೆಲಸ ಮಾಡಿದ ದೊಡ್ಡವರು ಯಾರು ಅಂತ. ಹತ್ತು ಹೆಸರು ಬಂದವು. ಏಳು ಸಿನಿಮಾದವರದು, ಎರಡು ಕ್ರಿಕೆಟ್‌ನವರದು. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಸಾಲುಮರದ ತಿಮ್ಮಕ್ಕ ಅಂದಳು. ನಮ್ಮ ಶಾಲೆಯಿಂದ ದಾಸನದೊಡ್ಡಿ ದೂರವೇನಲ್ಲ. ಆದರೂ ಬೆಟ್ಟದಲ್ಲಿ ಕೆರೆ ತೋಡಿದ ಆ ಊರಿನ ಕಾಮೇಗೌಡರ ಹೆಸರು ಒಂದು ಮಗುವಿನ ಬಾಯಲ್ಲೂ ಬರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಕ್ಕಳಿಗೆ ಹೇಳಬೇಕಾದವನು ನಾನು. ನಾನೇ ಹೇಳಿರಲಿಲ್ಲ.

ಬರೀ ಹೆಸರು ಬೇಡ. ಯಾಕೆ ಅವರು ಅಂತ ಕಾರಣವನ್ನೂ ಬರೆಯಿರಿ. ಮಕ್ಕಳು ಕೇಳಿದಾಗ ನಾನು ಉತ್ತರ ಕೊಡಬೇಕಲ್ವಾ.

ನಾಲೆಬಯಲು

ಮೇಷ್ಟ್ರೇ, ಮೊದಲನೇ ಜಾಗ ಕಾಮೇಗೌಡರಿಗೇ ಇರಲಿ. ಬೇರೆ ಮಾತೇ ಇಲ್ಲ.

ಅವರು ಕುರಿ ಕಾಯುತ್ತಿದ್ದವರು. ಕುಂದೂರು ಬೆಟ್ಟದ ಕಡೆ ಬೇಸಿಗೆಯಲ್ಲಿ ಕುರಿಗೂ ನೀರಿಲ್ಲ, ಹಕ್ಕಿಗೂ ನೀರಿಲ್ಲ. ಮನುಷ್ಯನಿಗೆ ಬಾಯಾರಿದರೆ ಯಾರ ಮನೆ ಬಾಗಿಲಲ್ಲಾದರೂ ಕೇಳಿ ಕುಡಿಯುತ್ತಾನೆ. ಪ್ರಾಣಿ ಯಾರನ್ನು ಕೇಳಬೇಕು? ಅಲ್ಲಿಂದ ಶುರುವಾಯಿತು. ಮೊದಲು ಕೈಲಿದ್ದ ಕೋಲಿನಲ್ಲೇ ನೆಲ ಕೆದಕಿದರು. ಆಮೇಲೆ ಕುರಿ ಮಾರಿ ಹಾರೆ, ಗುದ್ದಲಿ ತಂದರು. ಸುಮಾರು 40 ವರ್ಷ ಇದೇ ಕೆಲಸ. ಪ್ರಶಸ್ತಿ ಬಂದರೆ ಆ ಹಣವೂ ಬೆಟ್ಟಕ್ಕೇ ಹೋಯಿತು. 2020ರ ಜೂನ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಅವರ 16 ಕೆರೆಗಳ ವಿಷಯ ಹೇಳಿದರು. ಅವತ್ತು ದೇಶಕ್ಕೆಲ್ಲ ಹೆಸರು ಗೊತ್ತಾಯಿತು. ಕೆರೆ ಅಂದರೆ ದೊಡ್ಡದು ಅಂದುಕೊಳ್ಳಬೇಡಿ. ನಮ್ಮ ಕಡೆ ಅದನ್ನು ಕಟ್ಟೆ ಅಂತೀವಿ. ಇಳಿಜಾರಲ್ಲಿ ಮೇಲಿನ ಕಟ್ಟೆ ತುಂಬಿದರೆ ಕೆಳಗಿನದಕ್ಕೆ ನೀರು ಇಳಿಯುತ್ತದೆ.

2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಬಸ್ಸಿನಲ್ಲಿ ಒಂದು ಸಲ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಕೋಲು. ಯಾರೋ ಅಜ್ಜ ಅಂತ ಸುಮ್ನೆ ಕೂತುಬಿಟ್ಟೆ. ಮಾತಾಡಿಸಲಿಲ್ಲ. ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಕುಕ್ಕರಹಳ್ಳಿ ವಾಕರ್

ತಿಮ್ಮಕ್ಕನನ್ನು ಹೇಳಿದ ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಪುಸ್ತಕ ಕಳಿಸುತ್ತೇನೆ ಮೇಷ್ಟ್ರೇ, ವಿಳಾಸ ಮೆಸೇಜ್ ಮಾಡಿ.

ತಿಮ್ಮಕ್ಕ ಮಾಗಡಿ ತಾಲ್ಲೂಕಿನ ಹುಲಿಕಲ್‌ನವರು. ನಿಮ್ಮ ತಾಲ್ಲೂಕಿಗೂ ಅವರ ಮರಗಳಿಗೂ ಒಂದು ನಂಟಿದೆ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸ ಬಂದಾಗ ಅವರ ಆಲದ ಮರಗಳಿಗೇ ಕುತ್ತು ಬಂತು. ಹಲಗೂರು ನಿಮ್ಮದೇ ಅಲ್ವಾ. ಅಜ್ಜಿ ಮುಖ್ಯಮಂತ್ರಿಗಳನ್ನು ಕೇಳಿಕೊಂಡರು. ಮರ ಉಳಿಸಿ ಬೇರೆ ದಾರಿ ನೋಡಿ ಅಂತ ಸೂಚನೆ ಹೋಯಿತು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂದಿತ್ತು. ಹೆಸರು ಇಲ್ಲದ ಒಬ್ಬ ಅಜ್ಜಿ ಹೋಗಿ ಕೇಳಿದ್ದರೆ ಬಾಗಿಲು ತೆರೆಯುತ್ತಿತ್ತಾ ಅಂತ ನಾನು ಆಗಾಗ ಯೋಚಿಸುತ್ತೇನೆ.

ಮಕ್ಕಳಿಗೆ 385 ಮರ ಅನ್ನುವ ಲೆಕ್ಕಕ್ಕಿಂತ ಅವರು ಅದನ್ನು ಹೇಗೆ ಮಾಡಿದರು ಅಂತ ಹೇಳಿ. ಮೊದಲ ವರ್ಷ ನೆಟ್ಟಿದ್ದು ಬರೀ 10 ಗಿಡ. ಮುಂದಿನ ವರ್ಷ 15. ಅದರ ಮುಂದಿನ ವರ್ಷ 20. ಗಂಡ ಚಿಕ್ಕಯ್ಯ, ಹೆಂಡತಿ ತಿಮ್ಮಕ್ಕ, ಇಬ್ಬರೂ ಕೂಲಿ ಮಾಡುವವರು. ಹುಲಿಕಲ್‌ನಿಂದ ಕುದೂರಿನ ತನಕ 4 ಕಿಲೋಮೀಟರ್. ಬಿಂದಿಗೆಯಲ್ಲಿ ನೀರು ಹೊತ್ತರು. ದನ ಬಾಯಿ ಹಾಕದ ಹಾಗೆ ಸುತ್ತ ಮುಳ್ಳು ಕಟ್ಟಿದರು. 2025ರ ನವೆಂಬರ್ 14ರಂದು ಅಜ್ಜಿ ತೀರಿಕೊಂಡಾಗ ಅವರಿಗೆ 114 ವರ್ಷ ಅಂತ ಪತ್ರಿಕೆಗಳು ಬರೆದವು.

ಬನ್ನೂರು ಹುಡುಗ

ಹಿರಿಯರೆಲ್ಲ ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳು ಹೇಳಿದ ಒಂಬತ್ತು ಹೆಸರನ್ನು ಹಾಗೇ ತಳ್ಳಿಹಾಕುವುದು ನನಗೆ ಸರಿ ಕಾಣಲಿಲ್ಲ.

ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ, 2022ರ ಅಕ್ಟೋಬರ್‌ನಲ್ಲಿ ತೆರೆಗೆ ಬಂದ ಅವರ ಕೊನೆಯ ಚಿತ್ರ ಕರ್ನಾಟಕದ ಕಾಡು, ನದಿ, ಪ್ರಾಣಿಗಳದ್ದು. ನಮ್ಮೂರಿನಿಂದ ಎರಡು ಟೆಂಪೊ ಮಾಡಿಕೊಂಡು ಮೈಸೂರಿಗೆ ಹೋಗಿ ನೋಡಿದೆವು. ನಮ್ಮಜ್ಜಿ ಕಾಡು ನೋಡಲು ಟಿಕೆಟ್ ತೆಗೆದುಕೊಂಡಿದ್ದು ಅದೇ ಮೊದಲು, ಅದೇ ಕೊನೆ. ಅನಿಲ್ ಕುಂಬ್ಳೆ ರಾಜ್ಯ ವನ್ಯಜೀವಿ ಮಂಡಳಿಯ ಉಪಾಧ್ಯಕ್ಷರಾಗಿದ್ದರು. ಕ್ಯಾಮೆರಾ ಹಿಡಿದು ಕಾಡಿಗೆ ಹೋಗುವುದು ಅವರ ಹಳೇ ಅಭ್ಯಾಸ. 2021ರ ಲಾಕ್‌ಡೌನ್‌ನಲ್ಲಿ ಮೃಗಾಲಯಗಳಿಗೆ ಟಿಕೆಟ್ ಹಣವೇ ಇಲ್ಲ. ಆಗ ಚಿತ್ರನಟರೊಬ್ಬರು ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಿ ಅಂತ ಒಂದು ವಿಡಿಯೊ ಹಾಕಿದರು. ಕೆಲವೇ ದಿನದಲ್ಲಿ ಅಭಿಮಾನಿಗಳಿಂದ ಹಣ ಹರಿದು ಬಂತು. ನಾನೂ ನನ್ನ ಗೆಳೆಯರೂ ಸೇರಿ ಮೈಸೂರು ಜೂನ ಒಂದು ಹಕ್ಕಿಗೆ ದುಡ್ಡು ಹಾಕಿದ್ದೆವು. ಆ ಸರ್ಟಿಫಿಕೇಟ್ ಇನ್ನೂ ಮನೇಲಿದೆ.

ಇಂಥವರ ಮಾತು ಕೇಳಿಯೇ ನಾನು ಪರಿಸರದ ಕಡೆ ತಿರುಗಿದ್ದು. ಅದು ಸುಳ್ಳಲ್ಲ.

ಸರಸ್ವತಿಪುರಂ ಅಕ್ಕ

ನಿನ್ನ ಮಾತು ಒಪ್ಪುತ್ತೇನೆ ತಮ್ಮಾ. ಆದರೆ ನಾನು ಕಂಡದ್ದನ್ನೂ ಹೇಳುತ್ತೇನೆ.

ನಾನು ಕೆಲಸ ಮಾಡುತ್ತಿದ್ದ ಶಾಲೆಗೆ ಒಂದು ವರ್ಷ ಪರಿಸರ ದಿನಕ್ಕೆ ದೊಡ್ಡ ಹೆಸರಿನವರೊಬ್ಬರು ಬಂದರು. ಹೊಂಗೆ ಸಸಿ ನೆಟ್ಟರು. ಚೆನ್ನಾಗಿಯೂ ಮಾತಾಡಿದರು, ಮಕ್ಕಳ ಕಣ್ಣಲ್ಲಿ ನೀರು ಬಂತು. ಫೋಟೊಗೆ ಬೆಳಕು ಚೆನ್ನಾಗಿ ಬೀಳುತ್ತದೆ ಅಂತ ಗೇಟಿನ ಹತ್ತಿರ ಗುಂಡಿ ತೆಗೆದಿದ್ದರು. ನಲ್ಲಿ ಇದ್ದದ್ದು ಕಟ್ಟಡದ ಹಿಂದೆ. ದಸರಾ ರಜೆ ಬಂತು. ರಜೆ ಮುಗಿಸಿ ಬಂದಾಗ ಕಡ್ಡಿ ಮಾತ್ರ ಇತ್ತು. ಮುಂದಿನ ವರ್ಷ ಇನ್ನೊಬ್ಬ ಅತಿಥಿ ಬಂದರು. ಅದೇ ಗುಂಡಿಯಲ್ಲಿ ಇನ್ನೊಂದು ಸಸಿ. ಅದೂ ಹೋಯಿತು.

ಬಂದವರದು ತಪ್ಪು ಅಂತ ನಾನು ಹೇಳುವುದಿಲ್ಲ. ನೀರು ಯಾರು ಹಾಕಬೇಕು ಅಂತ ನಾವು ಯಾರೂ ಕೇಳಲಿಲ್ಲ. ಮೂರನೇ ವರ್ಷ ನಾನು ಹಟ ಹಿಡಿದೆ. ನಲ್ಲಿ ಪಕ್ಕದಲ್ಲೇ ನೆಡಿಸಿದೆ. ಮೂರು ಮಕ್ಕಳಿಗೆ ಒಂದು ಗಿಡ ಅಂತ ಹಂಚಿದೆ. ರಜೆಯಲ್ಲಿ ಯಾರ ಮನೆ ಶಾಲೆಗೆ ಹತ್ತಿರವೋ ಅವರಿಗೆ ಜವಾಬ್ದಾರಿ. ಅವತ್ತು ನೆಟ್ಟ ಐದರಲ್ಲಿ ನಾಲ್ಕು ಈಗ ಮಾಳಿಗೆಗಿಂತ ಎತ್ತರ ಇವೆ. ಆ ದಿನ ಅತಿಥಿಗಳು ಯಾರೂ ಬಂದಿರಲಿಲ್ಲ.

ಹಕ್ಕಿನೋಟ

ಅಕ್ಕನ ಮಾತು ನಿಜ. ಆದರೆ ಹೆಸರಿದ್ದವರ ಒಂದೇ ಮಾತಿಗೆ ದೊಡ್ಡ ಕೆಲಸ ಆಗಿದ್ದೂ ನಮ್ಮ ಪಕ್ಕದಲ್ಲೇ ಇದೆ. ರಂಗನತಿಟ್ಟು.

1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರ್ ಕಾವೇರಿಗೆ ಅಡ್ಡ ಕಟ್ಟೆ ಕಟ್ಟಿಸಿದರು. ಆ ನೀರು ನಿಂತು ನಡುಗಡ್ಡೆಗಳಾದವು. ಹಕ್ಕಿಗಳು ಬಂದು ಗೂಡು ಕಟ್ಟಿದವು. ಯಾರೂ ಹಕ್ಕಿಗಾಗಿ ಕಟ್ಟಿದ್ದಲ್ಲ ಅದು, ಗದ್ದೆಗಾಗಿ ಕಟ್ಟಿದ್ದು. ಆಮೇಲೆ ಹಕ್ಕಿ ತಜ್ಞ ಸಲೀಂ ಅಲಿ ಬಂದರು. ಆ ದ್ವೀಪಗಳಲ್ಲಿ ಎಷ್ಟು ಹಕ್ಕಿ ಮರಿ ಮಾಡುತ್ತವೆ ಅಂತ ನೋಡಿ ಮೈಸೂರು ಅರಸರಿಗೆ ಹೇಳಿದರು. 1940ರಲ್ಲಿ ಅದು ಪಕ್ಷಿಧಾಮ ಆಯಿತು. 2022ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಸಲೀಂ ಅಲಿ ಅಲ್ಲಿ ಗುಂಡಿ ತೋಡಲಿಲ್ಲ, ನೀರು ಹೊರಲಿಲ್ಲ. ಆದರೆ ಹಕ್ಕಿಗಳ ಹಿಂದೆ ವರ್ಷಗಟ್ಟಲೆ ತಿರುಗಿದ್ದರಿಂದ ಅವರ ಮಾತಿಗೆ ತೂಕ ಇತ್ತು. ಕೇಳಬೇಕಾದವರ ಕಿವಿಗೆ ಸರಿಯಾದ ಹೊತ್ತಿಗೆ ಬಿತ್ತು.

ಗೋಡೆ ಮೇಲೆ ಅವರಿಗೂ ಜಾಗ ಕೊಡಿ ಅಂತ ನನ್ನ ಕೋರಿಕೆ.

ಕುಕ್ಕರಹಳ್ಳಿ ವಾಕರ್

ಹೊತ್ತು ಅಂದಿರಿ, ಹಕ್ಕಿನೋಟ ಅವರೇ, ಅದು ನನಗೆ ತಾಗಿತು.

2021ರಲ್ಲಿ ಲಲಿತಮಹಲ್ ಹತ್ತಿರ ಹೆಲಿಪ್ಯಾಡ್‌ಗಾಗಿ ಸಾವಿರಾರು ಮರ ಕಡಿಯುವ ಮಾತು ಬಂದಾಗ ಮೈಸೂರಿನ ಹೆಸರಾಂತರೂ ವಿದ್ಯಾರ್ಥಿಗಳೂ ಬೀದಿಗೆ ಬಂದರು. ಆ ಮರಗಳು ಉಳಿದವು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡಲು 40 ಮರ ಕಡಿದರು. ಆಗಲೂ ಜನ ಬಂದರು, ನಾನೂ ಹೋಗಿದ್ದೆ. ಆದರೆ ಹೋಗಿದ್ದು ಕಡಿದ ಮೇಲೆ. ಬುಡದಲ್ಲಿ ಇನ್ನೂ ಹಸಿ ವಾಸನೆ ಇತ್ತು. ಒಬ್ಬ ಹಿರಿಯರು ಬುಡದ ಮೇಲೆ ಕೈ ಇಟ್ಟು ನಿಂತುಬಿಟ್ಟರು, ಮಾತೇ ಆಡಲಿಲ್ಲ. ಅವತ್ತಿನಿಂದ ನಾನು ನಮ್ಮ ಬಡಾವಣೆಯ ಮರಗಳಿಗೆ ನಂಬರ್ ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ. ಎಷ್ಟು ಮರ ಇವೆ ಅಂತಲೇ ಗೊತ್ತಿಲ್ಲದಿದ್ದರೆ ಎಷ್ಟು ಹೋದವು ಅಂತ ಹೇಗೆ ಗೊತ್ತಾಗುತ್ತದೆ?

ಮಹಾಗನಿ ತೋಟ

ಇಷ್ಟು ಹೊತ್ತಾದರೂ ಒಂದು ಹೆಸರು ಬರಲಿಲ್ಲ. ಜಗ್ಗಿ ವಾಸುದೇವ್ ಹುಟ್ಟಿದ್ದು ಮೈಸೂರಿನಲ್ಲಿ. 2019ರಲ್ಲಿ ಕಾವೇರಿ ಕೂಗು ಶುರು ಮಾಡಿದರು. 12 ವರ್ಷದಲ್ಲಿ 242 ಕೋಟಿ ಮರ ಅನ್ನುವ ಗುರಿ. 2022ರಲ್ಲಿ ಮಣ್ಣು ಉಳಿಸಿ ಅಂತ 100 ದಿನ ಬೈಕಿನಲ್ಲಿ ದೇಶ ದೇಶ ಸುತ್ತಿದರು. ನಮ್ಮ ಒಂದೂವರೆ ಎಕರೆಯ ಬದುವಿನ ಸುತ್ತ ಮರ ಹಾಕಿದ್ದು ಅವರ ಮಾತು ಕೇಳಿ. ಈಗ ಹೊಲಕ್ಕೆ ಎಲೆ ಬೀಳುತ್ತದೆ, ನೆಲ ಮೆತ್ತಗಾಗಿದೆ.

ನಾಲೆಬಯಲು

ಅಣ್ಣ, ನಿಮ್ಮ ಬದುವಿನ ಮರಗಳ ಬಗ್ಗೆ ಸಂತೋಷ. ಆದರೆ ಗೋಡೆಗೆ ಬೇಡ ಅಂತ ನನ್ನ ಅಭಿಪ್ರಾಯ. ಸಸಿಗೆ 42 ರೂಪಾಯಿ ಅಂತ ಜನರಿಂದ ಹಣ ಕೇಳಿದ ಬಗ್ಗೆ ಹೈಕೋರ್ಟ್‌ನಲ್ಲಿ ಅರ್ಜಿ ಬಿತ್ತು. ಹಾಲಿವುಡ್ ನಟ ಲಿಯೊನಾರ್ಡೊ ಡಿಕಾಪ್ರಿಯೊ ಬೆಂಬಲ ಕೊಟ್ಟಾಗ, ಅದನ್ನು ವಾಪಸ್ ತೆಗೆದುಕೊಳ್ಳಿ ಅಂತ ನಮ್ಮ ದೇಶದ ಪರಿಸರ ಸಂಘಟನೆಗಳೇ ಪತ್ರ ಬರೆದವು. ಮರ ನೆಟ್ಟ ಮಾತ್ರಕ್ಕೆ ನದಿ ತುಂಬುವುದಿಲ್ಲ, ಮರಳು, ಹುಲ್ಲುಗಾವಲು, ಉಪನದಿ ಎಲ್ಲ ನೋಡಬೇಕು ಅನ್ನುವುದು ಅವರ ವಾದ. ನನಗೆ ಅದು ಸರಿ ಅನ್ನಿಸುತ್ತದೆ.

ಮಹಾಗನಿ ತೋಟ

ಆ ಅರ್ಜಿಯನ್ನು ಹೈಕೋರ್ಟ್ 2021ರಲ್ಲಿ ವಜಾ ಮಾಡಿತು, ಅದನ್ನೂ ಹೇಳಬೇಕು. ನನಗೆ ವಾದ ಬೇಡ. ನನ್ನ ಮರಗಳು ನಿಂತಿವೆ, ಯಾವ ಭಾನುವಾರವಾದರೂ ಬಂದು ನೋಡಿ.

ನಾಲೆಬಯಲು

ಖಂಡಿತ ಬರುತ್ತೇನೆ ಅಣ್ಣ. ನಿಮ್ಮ ಮರಗಳ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ.

ಮಳವಳ್ಳಿ ಮೇಷ್ಟ್ರು

ಇಬ್ಬರಿಗೂ ಧನ್ಯವಾದ. ಇಬ್ಬರ ಮಾತಿನಲ್ಲೂ ವಿಷಯ ಇದೆ. ಜನ ಎರಡು ಭಾಗ ಆಗಿರುವ ಹೆಸರನ್ನು ಸರ್ಕಾರಿ ಶಾಲೆ ಗೋಡೆಗೆ ಹಾಕಿದರೆ ಊರಲ್ಲಿ ಜಗಳ ಆಗುತ್ತದೆ. ಅದಕ್ಕೆ ಈ ಮಾತು ಇಲ್ಲಿಗೆ ನಿಲ್ಲಿಸೋಣ. ಮಹಾಗನಿ ತೋಟದವರೇ, ನಮ್ಮ ಮಕ್ಕಳನ್ನು ನಿಮ್ಮ ಹೊಲಕ್ಕೆ ಕರೆದುಕೊಂಡು ಬರಬಹುದಾ?

ಮಹಾಗನಿ ತೋಟ

ಬನ್ನಿ ಮೇಷ್ಟ್ರೇ. ಎಳನೀರು ನನ್ನದು.

ಹೊಸ ಸದಸ್ಯ ಮಂಡ್ಯ

ಕಾಮೇಗೌಡರ ಬಗ್ಗೆಯೂ ತಕರಾರು ಇತ್ತಲ್ವಾ? 2020ರಲ್ಲಿ ಹೆಸರು ಬಂದ ಮೇಲೆ ಊರಿನ ಕೆಲವರೇ ಅಷ್ಟು ಕೆರೆ ಅವರು ತೋಡಿಲ್ಲ ಅಂತ ಹೇಳಿದ್ದು ಪತ್ರಿಕೆಯಲ್ಲಿ ಓದಿದ ನೆನಪು. ತಪ್ಪು ತಿಳಿಯಬೇಡಿ, ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ನಾಲೆಬಯಲು

ಕೇಳಿದ್ದು ಒಳ್ಳೆಯದೇ ಆಯಿತು. ಹೌದು, ತಕರಾರು ಇತ್ತು. ಕೆಲವರು 14 ಅಂದರು, ಕೆಲವರು 16 ಅಂದರು, ಕೆಲವರು ಇಲ್ಲವೇ ಇಲ್ಲ ಅಂದರು. ಆ ಕಾರಣಕ್ಕೇ ನಾನು ಎರಡು ವರ್ಷದ ಹಿಂದೆ ಹೋಗಿ ನೋಡಿ ಬಂದೆ.

ಮಳೆ ಬಿದ್ದು ನಾಲ್ಕು ದಿನ ಆಗಿತ್ತು. ಬೆಟ್ಟದ ಬುಡದಲ್ಲಿ ಬೈಕ್ ನಿಲ್ಲಿಸಿ ಹತ್ತಿದೆ. ಮೊದಲ ಕಟ್ಟೆ ಕಂಡಾಗ ನಿಜ ಹೇಳುತ್ತೇನೆ, ಸ್ವಲ್ಪ ನಿರಾಸೆ ಆಯಿತು. ಪತ್ರಿಕೆಯ ಫೋಟೊದಲ್ಲಿ ಕಂಡಷ್ಟು ದೊಡ್ಡದಿಲ್ಲ. ನೀರು ಕೆಂಪಗಿತ್ತು. ದಡದ ಕೆಸರಲ್ಲಿ ಹೆಜ್ಜೆಗಳಿದ್ದವು. ಕುರಿಯದು ಗೊತ್ತಾಯಿತು, ನವಿಲಿನದು ಗೊತ್ತಾಯಿತು, ಉಳಿದವು ಗೊತ್ತಾಗಲಿಲ್ಲ. ಅಲ್ಲೇ ಕೂತೆ. ಒಬ್ಬ ಕುರಿಗಾಹಿ ಹುಡುಗ ಮಂದೆ ಹೊಡೆದುಕೊಂಡು ಬಂದ. ಕುರಿಗಳು ಸಾಲಾಗಿ ಬಾಯಿ ಹಾಕಿ ಕುಡಿದವು. ಎಷ್ಟು ಕಟ್ಟೆ ಇವೆ ಅಂತ ಕೇಳಿದೆ. ಲೆಕ್ಕ ಗೊತ್ತಿಲ್ಲ ಸಾರ್, ಈ ಬೆಟ್ಟದಲ್ಲಿ ಎಲ್ಲಿ ಹೋದರೂ ಕುರಿಗೆ ನೀರು ಸಿಗುತ್ತೆ ಅಂದ. ಕಟ್ಟೆಗಳಿಗೆ ಅಜ್ಜ ಮೊಮ್ಮಕ್ಕಳ ಹೆಸರಿಟ್ಟಿದ್ದರು ಅಂತಲೂ ಹೇಳಿದ.

ಕೊನೆಕೊನೆಗೆ ಹಣ ಬಂದಾಗ ಯಂತ್ರ ತರಿಸಿ ತೋಡಿಸಿದ್ದೂ ಉಂಟು. ಅದರಲ್ಲಿ ತಪ್ಪೇನಿದೆ? ಯಂತ್ರ ತರಿಸುವಷ್ಟು ಹಣ ಕೈಗೆ ಬಂದರೆ ಮನೆಗೆ ಮಾಳಿಗೆ ಹಾಕಿಸುವವರೇ ಜಾಸ್ತಿ. 14 ಆಗಲಿ, 16 ಆಗಲಿ, ನಾನು ಕಂಡ ಕಟ್ಟೆಯಲ್ಲಿ ಕುರಿ ನೀರು ಕುಡಿಯಿತು. ಮೇಷ್ಟ್ರೇ, ಮಕ್ಕಳಿಗೆ ಆ ತಕರಾರನ್ನೂ ಹೇಳಿ. ಮುಚ್ಚಿಡಬೇಡಿ. ಆಮೇಲೆ ಬೆಟ್ಟ ಹತ್ತಿಸಿ, ಅವರೇ ನೋಡಲಿ.

ಹೊಸ ಸದಸ್ಯ ಮಂಡ್ಯ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ ಸಾರ್. ಮುಂದಿನ ಮಳೆಗೆ ನಾನೂ ಹೋಗುತ್ತೇನೆ.

ರಾಜಮುಡಿ

ಎಲ್ಲರೂ ಮರ, ನೀರು, ಹಕ್ಕಿ ಅಂದಿರಿ. ಊಟದ ತಟ್ಟೆ ಬಿಟ್ಟುಹೋಯಿತು.

ಮೇಷ್ಟ್ರೇ, ನಿಮ್ಮ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಇದ್ದಾರೆ. ನೂರಾರು ದೇಸಿ ಭತ್ತದ ತಳಿಗಳನ್ನು ಪ್ರತಿವರ್ಷ ತಪ್ಪದೆ ಬಿತ್ತಿ ಉಳಿಸಿಕೊಂಡು ಬಂದಿದ್ದಾರೆ. ಬೀಜ ಡಬ್ಬಿಯಲ್ಲಿ ಇಟ್ಟರೆ ಉಳಿಯುವುದಿಲ್ಲ, ಮೊಳಕೆ ಶಕ್ತಿ ಹೋಗಿಬಿಡುತ್ತದೆ. ವರ್ಷ ವರ್ಷ ಮಣ್ಣಿಗೆ ಹಾಕಬೇಕು. ತಳಿಗೆ ತಳಿ ಬೆರೆಯದ ಹಾಗೆ ಬೇರೆ ಬೇರೆ ಪಾತಿ ಮಾಡಬೇಕು, ಬೇರೆ ಬೇರೆ ಕುಯ್ಯಬೇಕು, ಬೇರೆ ಬೇರೆ ಬಡಿದು ಒಣಗಿಸಬೇಕು. ಒಂದು ಎಕರೆ ಒಂದೇ ಭತ್ತ ಹಾಕಿದವನಿಗೆ ಆ ಕಷ್ಟ ತಿಳಿಯುವುದಿಲ್ಲ. ಜೊತೆಗೆ ಅವರ ಮನೆತನದ ದೊಡ್ಡ ಮಾವಿನ ತೋಪು ಇದೆ. ಬಡಾ ಬಾಗ್ ಅಂತ ಹೆಸರು. ಟಿಪ್ಪು ಕಾಲದ್ದು ಅಂತಾರೆ. ನೂರಕ್ಕೂ ಜಾಸ್ತಿ ಬಗೆಯ ಮಾವು ಅಲ್ಲಿದೆ.

ನಮ್ಮ ಮನೆಯಲ್ಲಿ ಮೂವತ್ತು ವರ್ಷ ಹೈಬ್ರಿಡ್ ಬಿಟ್ಟು ಬೇರೆ ಭತ್ತ ಹಾಕಿರಲಿಲ್ಲ. ಒಂದು ವರ್ಷ ಅರ್ಧ ಎಕರೆಗೆ ರಾಜಮುಡಿ ಹಾಕಿದೆ. ಅಪ್ಪ ಅಭ್ಯಾಸದಂತೆ ಯೂರಿಯಾ ಎರಚಿಬಿಟ್ಟರು. ಪೈರು ಎತ್ತರಕ್ಕೆ ಹೋಗಿ ಮಳೆಗೆ ಮಲಗಿಬಿಟ್ಟಿತು. ಮುಂದಿನ ವರ್ಷ ಕೊಟ್ಟಿಗೆ ಗೊಬ್ಬರ ಮಾತ್ರ. ನಿಂತಿತು. ಇಳುವರಿ ಕಡಿಮೆಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹುಲ್ಲು ಚೆನ್ನಾಗಿ ಬಂತು, ದನಕ್ಕಾಯಿತು. ಅವ್ವ ಮೊದಲ ದಿನ ಅನ್ನ ಮಾಡಿ ಬಡಿಸಿದಾಗ ಅಪ್ಪ ಎರಡನೇ ಸಲ ಕೇಳಿ ಹಾಕಿಸಿಕೊಂಡರು. ನಮ್ಮಪ್ಪ ಮಾತು ಕಮ್ಮಿ. ಅದೇ ಅವರ ಒಪ್ಪಿಗೆ.

ರಾಜಮುಡಿ, ರತ್ನಚೂಡಿ, ಗಂಧಸಾಲೆ, ಜೀರಿಗೆ ಸಣ್ಣ. ಈ ಹೆಸರುಗಳನ್ನಾದರೂ ಗೋಡೆಯ ಒಂದು ಮೂಲೆಗೆ ಬರೆಸಿ.

ಮೇಲುಕೋಟೆ ಮಗಳು

ಸರಳವಾಗಿ ಬದುಕಿ ತೋರಿಸಿದವರ ಹೆಸರು ಹೇಳುತ್ತೇನೆ. ಮೇಲುಕೋಟೆಯ ಸುರೇಂದ್ರ ಕೌಲಗಿ. ಜಯಪ್ರಕಾಶ್ ನಾರಾಯಣ್ ಅವರ ಕಾರ್ಯದರ್ಶಿ ಆಗಿದ್ದವರು. ದೆಹಲಿಯಲ್ಲೋ ಪಟ್ನಾದಲ್ಲೋ ದೊಡ್ಡವರಾಗಿ ಇರಬಹುದಿತ್ತು. ಇಲ್ಲಿಗೆ ಬಂದು 1960ರಲ್ಲಿ ಜನಪದ ಸೇವಾ ಟ್ರಸ್ಟ್ ಶುರು ಮಾಡಿದರು. ಖಾದಿ ನೇಯ್ಗೆ, ಮಕ್ಕಳ ಶಿಕ್ಷಣ, ನೆಲದ ಕೆಲಸ. ಸುಸ್ಥಿರ ಬದುಕು ಅನ್ನುವ ಮಾತು ಬಳಕೆಗೆ ಬರುವ ಎಷ್ಟೋ ಮುಂಚೆ ಅವರು ಹಾಗೆ ಬದುಕುತ್ತಿದ್ದರು. ನಮ್ಮ ಮನೆಯಲ್ಲಿ ಅಲ್ಲಿನ ಒಂದು ಖಾದಿ ಹೊದಿಕೆ ಇದೆ, ಅಮ್ಮನ ಕಾಲದ್ದು. ಬಣ್ಣ ಮಾಸಿದೆ, ನೂಲು ಜಗ್ಗಿಲ್ಲ.

ಮೈಸೂರು ಜಿಲ್ಲೆಯವರಿಗೆ ಬದನವಾಳು ಗೊತ್ತಿರಬೇಕು. ನಂಜನಗೂಡು ತಾಲ್ಲೂಕು. ಗಾಂಧೀಜಿ 1927ರಲ್ಲಿ ಬಂದು ಹೋದ ಖಾದಿ ಕೇಂದ್ರ ಅಲ್ಲಿದೆ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲಿಯೇ ಸತ್ಯಾಗ್ರಹ ಕೂತರು. ಅವರ ಬೇಡಿಕೆ ಸುಸ್ಥಿರ ಬದುಕು, ಅಷ್ಟೇ. ಕೈಯಿಂದ ಮಾಡಿದ ವಸ್ತು ಬಳಸಿ, ಯಂತ್ರದ ಮೇಲಿನ ಆಸೆ ಕಮ್ಮಿ ಮಾಡಿ ಅಂತ. ನಾನು ಆಗ ಕಾಲೇಜಿನಲ್ಲಿದ್ದೆ, ಒಂದು ದಿನ ಹೋಗಿದ್ದೆ. ಬಿಸಿಲು ಜೋರು. ನೂಲುವ ಹೆಂಗಸರ ಜೊತೆ ಕೂತೆ. ಒಬ್ಬ ಅಜ್ಜಿ ನನ್ನ ಕೈಗೆ ನೂಲು ಕೊಟ್ಟರು. ಹತ್ತು ಸಲ ಎಳೆದೆ, ಹತ್ತು ಸಲವೂ ತುಂಡಾಯಿತು. ಅವರು ಬೈಯಲಿಲ್ಲ, ಮತ್ತೆ ಮತ್ತೆ ಗಂಟು ಹಾಕಿ ಕೊಟ್ಟರು. ಅವತ್ತಿನಿಂದ ಬಟ್ಟೆ ಕೊಳ್ಳುವಾಗ ಕೈ ತಡೆಯುತ್ತದೆ.

ಹೆಜ್ಜಾರ್ಲೆ

ಒಬ್ಬರ ಹೆಸರೇ ಬೇಕಾ ಮೇಷ್ಟ್ರೇ? ಒಂದು ಊರನ್ನೇ ಬರೆಸಬಹುದಾ?

ನಮ್ಮದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಪಕ್ಕ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಎರಡೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿತ್ತಲ ಹುಣಸೆ ಮರದಲ್ಲಿ ಗೂಡಿದ್ದರೆ ಹುಣಸೆ ಬಡಿಯುವುದಿಲ್ಲ. ಆ ಫಸಲು ಹೋದ ಹಾಗೇ. ಅರಣ್ಯ ಇಲಾಖೆ ಅದಕ್ಕೆ ಒಂದಿಷ್ಟು ಪರಿಹಾರ ಕೊಡುತ್ತದೆ, ಪೂರ್ತಿ ನಷ್ಟ ತುಂಬುವುದಿಲ್ಲ. ವಾಸನೆ ಇದೆ, ಮೇಲಿಂದ ಹಿಕ್ಕೆ ಬೀಳುತ್ತದೆ, ಮೀನಿನ ಚೂರು ಬೀಳುತ್ತದೆ. ಆದರೂ ಓಡಿಸುವುದಿಲ್ಲ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಈ ಹಕ್ಕಿಗಳು ಅಂತ ಹಿರಿಯರು ಹೇಳುತ್ತಾರೆ. ಬಾಣಂತಿಯನ್ನು ಯಾರಾದರೂ ಆಚೆ ಕಳಿಸುತ್ತಾರಾ?

1990ರ ದಶಕದಲ್ಲಿ ಊರಿನ ಹುಡುಗರೇ ಹೆಜ್ಜಾರ್ಲೆ ಬಳಗ ಅಂತ ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಿ, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟರು. 2007ರಲ್ಲಿ ಆ ಜಾಗ ಸಮುದಾಯ ಮೀಸಲು ಪ್ರದೇಶ ಆಯಿತು. ಈ ನಡುವೆ ಹಳೇ ಮರಗಳು ಕಮ್ಮಿ ಆಗುತ್ತಿವೆ. ಅದು ನಮ್ಮ ಭಯ.

ನಮ್ಮ ದೊಡ್ಡಮ್ಮ ಆ ಊರಿನವರು. ಅವರಿಗೆ ಪ್ರಶಸ್ತಿ ಇಲ್ಲ, ಫೋಟೊ ಇಲ್ಲ. ಹಿತ್ತಲಿನ ಮರ ಮಾರು ಅಂತ ವ್ಯಾಪಾರಿ ಮೂರು ಸಲ ಬಂದ. ಮೂರು ಸಲವೂ ಗೂಡಿದೆ, ಹೋಗಪ್ಪ ಅಂದರು.

ಸರಸ್ವತಿಪುರಂ ಅಕ್ಕ

ಹೆಜ್ಜಾರ್ಲೆ ಅವರೇ, ನಿಮ್ಮ ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಓದಿ ಗಂಟಲು ಕಟ್ಟಿತು.

ಹಾಗೆ ನೋಡಿದರೆ ಮೈಸೂರಿನ ಕುಂಬಾರಕೊಪ್ಪಲಿನಲ್ಲೂ ಜನರೇ ಮುಂದೆ ನಿಂತು ನಡೆಸುವ ಕಸ ಬೇರ್ಪಡಿಸುವ ಘಟಕ ಇದೆ. ಹಸಿ ಕಸ ಗೊಬ್ಬರ ಆಗುತ್ತದೆ, ಒಣ ಕಸ ಬೇರೆ ಬೇರೆಯಾಗಿ ಮಾರಾಟಕ್ಕೆ ಹೋಗುತ್ತದೆ. 2016ರಲ್ಲಿ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳಲ್ಲಿ ಮೈಸೂರು ಮೊದಲು ಬಂತು. ನಾವೆಲ್ಲ ಹೆಮ್ಮೆ ಪಟ್ಟೆವು. ಬೆಳಗಿನ ಜಾವ ಆರಕ್ಕೆ ಗಾಡಿ ತಳ್ಳಿಕೊಂಡು ಬಂದ ಪೌರಕಾರ್ಮಿಕರ ಹೆಸರು ನಮ್ಮ ಬೀದಿಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನನಗೂ ಗೊತ್ತಿರಲಿಲ್ಲ. ಆಮೇಲೆ ಕೇಳಿ ತಿಳಿದುಕೊಂಡೆ.

ಬನ್ನೂರು ಹುಡುಗ

ಇನ್ನೊಂದು ಹೆಸರು, ತುಳಸಿ ಗೌಡ. ಅಂಕೋಲಾದ ಹೊನ್ನಳ್ಳಿ ಊರು, ಹಾಲಕ್ಕಿ ಸಮುದಾಯ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದವರು. ಯಾವ ಮರದ ಬೀಜ ಯಾವಾಗ ತರಬೇಕು, ಯಾವ ತಾಯಿಮರದಿಂದ ತರಬೇಕು ಅಂತ ಓದದೇ ತಿಳಿದಿದ್ದರು. ಪದ್ಮಶ್ರೀ ತೆಗೆದುಕೊಳ್ಳಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ಬರಿಗಾಲಿನ ಫೋಟೊ ನೋಡಿದ ದಿನ ನಾನು ಸ್ಟೇಟಸ್‌ಗೆ ಹಾಕಿಕೊಂಡಿದ್ದೆ. ಇಲ್ಲಿ ಎಲ್ಲರದು ಓದಿದ ಮೇಲೆ ಸ್ಟೇಟಸ್ ಸಾಲದು ಅನ್ನಿಸುತ್ತಿದೆ. ಮೇಷ್ಟ್ರೇ, ಗೋಡೆ ಕೆಲಸಕ್ಕೆ ನಾನು ಬರುತ್ತೇನೆ. ಸುಣ್ಣ ಹೊಡೆಯಲು ಬರುತ್ತದೆ.

ಕುಂಚ

ನಮಸ್ಕಾರ. ನಾನು ಮಂಡ್ಯದಲ್ಲಿ ಬೋರ್ಡ್ ಬರೆಯುವವನು. ಇಲ್ಲಿ ಓದುತ್ತಲೇ ಇದ್ದೇನೆ, ಇವತ್ತು ಬರೆಯೋಣ ಅನ್ನಿಸಿತು.

ಗೋಡೆ ಮೇಲೆ ಮುಖ ಬರೆಯುವುದು ಕಷ್ಟ. ಸಿಮೆಂಟ್ ಗಾರೆ ಉರುಟಾಗಿದ್ದರೆ ಮೂಗು, ಬಾಯಿ ಸರಿ ಕೂರುವುದಿಲ್ಲ. ಒಂದು ಮಳೆಗಾಲ ಕಳೆದರೆ ಮೊದಲು ಹೋಗುವುದು ಕಣ್ಣು. ತೀರಿಕೊಂಡವರ ಮುಖ ಹಾಗೆ ಮಾಸಿ ನಿಂತಿರುವುದನ್ನು ನೋಡಲು ನನಗೆ ಆಗುವುದಿಲ್ಲ.

ಮುಖದ ಬದಲು ಅವರ ಕೈಲಿದ್ದದ್ದನ್ನು ಬರೆಯೋಣವಾ? ಕಾಮೇಗೌಡರ ಕೋಲು, ಅದರ ಪಕ್ಕ ಒಂದು ಕಟ್ಟೆ. ತಿಮ್ಮಕ್ಕನ ಬಿಂದಿಗೆ. ತುಳಸಿ ಅಜ್ಜಿಯ ಅಂಗೈಯಲ್ಲಿ ಬೀಜ. ರಾಜಮುಡಿಯ ತೆನೆ. ಮೇಲುಕೋಟೆಯ ನೂಲು. ಹುಣಸೆ ಮರದಲ್ಲಿ ಹೆಜ್ಜಾರ್ಲೆ ಗೂಡು. ಆರಾಯಿತು. ಕೆಳಗೆ ಹೆಸರು ಬೇಡ. ಮಕ್ಕಳೇ ಬಂದವರಿಗೆ ಹೇಳಲಿ, ಇದು ಯಾರದು ಅಂತ. ಕೂಲಿ ಬೇಡ ನನಗೆ. ಬಣ್ಣ, ಏಣಿ, ಮಧ್ಯಾಹ್ನದ ಊಟ ಇದ್ದರೆ ಸಾಕು.

ಮಳವಳ್ಳಿ ಮೇಷ್ಟ್ರು

ಕುಂಚ ಅವರೇ, ಏನು ಹೇಳಲಿ. ಮಕ್ಕಳಿಗೆ ಓದಿ ಹೇಳಿದೆ. ಎಲ್ಲರೂ ಒಪ್ಪಿದರು.

ಹಕ್ಕಿನೋಟ

ಸಲೀಂ ಅಲಿಗೆ ಜಾಗ ಆಗಲಿಲ್ಲ, ಪರವಾಗಿಲ್ಲ. ಹೆಜ್ಜಾರ್ಲೆ ಗೂಡು ಇದೆಯಲ್ಲ, ಅವರೂ ಅದನ್ನೇ ಇಷ್ಟಪಡುತ್ತಿದ್ದರೇನೋ. ಗೂಡು ಬರೆಯುವಾಗ ನನಗೆ ಹೇಳಿ. ಹೆಜ್ಜಾರ್ಲೆ ಕೊಕ್ಕಿನ ಮೇಲೆ ಸಾಲಾಗಿ ಚುಕ್ಕೆ ಇರುತ್ತದೆ, ಕೆಳಗೆ ಚೀಲ ಇರುತ್ತದೆ. ಫೋಟೊ ಕಳಿಸುತ್ತೇನೆ.

ಮಳವಳ್ಳಿ ಮೇಷ್ಟ್ರು

ಮೂರು ವಾರ ಆಯಿತು, ಇಲ್ಲಿಯವರೆಗಿನ ಸಮಾಚಾರ ಹೇಳುತ್ತೇನೆ.

ಗೋಡೆಗೆ ಸುಣ್ಣ ಆಯಿತು. ಬನ್ನೂರು ಹುಡುಗ ಎರಡು ದಿನ ಬಂದು ನಿಂತ. ಕೋಲು, ಬಿಂದಿಗೆ ಎರಡೂ ಮುಗಿದಿವೆ. ಬಿಂದಿಗೆ ಬರೆಯುವಾಗ ಐದನೇ ತರಗತಿ ಹುಡುಗನೊಬ್ಬ ಕೇಳಿದ, ಸಾರ್, ಇದರಲ್ಲಿ ಎಷ್ಟು ಗಿಡಕ್ಕೆ ನೀರು ಆಗುತ್ತೆ ಅಂತ. ನನಗೆ ಗೊತ್ತಿರಲಿಲ್ಲ. ಅಡುಗೆಯವರ ಹತ್ತಿರ ಒಂದು ಬಿಂದಿಗೆ ಇಸ್ಕೊಂಡು, ಬೋರ್‌ವೆಲ್‌ನಿಂದ ತುಂಬಿಸಿ, ಊರ ಬಾಗಿಲಿನ ತನಕ ಹೊತ್ತುಕೊಂಡು ಹೋಗಿ ನೋಡೋಣ ಅಂದೆ. ಅರ್ಧ ಕಿಲೋಮೀಟರ್ ಇಲ್ಲ. ದೊಡ್ಡ ಹುಡುಗರು ಹೊತ್ತರು. ಹೋಗುವಷ್ಟರಲ್ಲಿ ಮೂರು ಸಲ ಇಳಿಸಿದರು, ಅಂಗಿ ಎಲ್ಲ ಒದ್ದೆ, ಬಿಂದಿಗೆ ಮುಕ್ಕಾಲು. ತಿಮ್ಮಕ್ಕನ ಹೆಸರು ಹೇಳಿದ್ದ ಹುಡುಗಿ ಒಬ್ಬಳೇ ಸಿಂಬೆ ಮಾಡಿ ತಲೆ ಮೇಲೆ ಇಟ್ಟುಕೊಂಡು ಒಂದು ಹನಿ ಚೆಲ್ಲದೆ ಬಂದಳು. ಮನೆಯಲ್ಲಿ ದಿನಾ ಹೊರುತ್ತಾಳಂತೆ. ನಾಲ್ಕು ವರ್ಷದಿಂದ ಅವಳ ಮೇಷ್ಟ್ರು ನಾನು, ನನಗೆ ಗೊತ್ತಿರಲಿಲ್ಲ.

ಊರ ಬಾಗಿಲಲ್ಲಿ ಐದು ಆಲದ ಸಸಿ ಹಾಕಿದ್ದೇವೆ. ಸರಸ್ವತಿಪುರಂ ಅಕ್ಕ ಹೇಳಿದ ಹಾಗೆ ಮೂರು ಮಕ್ಕಳಿಗೆ ಒಂದು. ದಸರಾ ರಜೆಯ ಪಾಳಿಯೂ ಈಗಲೇ ಬರೆದಿಟ್ಟಿದ್ದೇವೆ. ಒಂದು ಸಸಿಗೆ ನಿನ್ನೆ ಮೇಕೆ ಬಾಯಿ ಹಾಕಿದೆ. ತುದಿ ಹೋಗಿದೆ, ಬುಡ ಹಸಿರಿದೆ. ಬೇಲಿ ಕಟ್ಟಬೇಕು. ಯಾರ ಹೊಲದಲ್ಲಾದರೂ ಜಾಲಿ ಮುಳ್ಳು ಸವರಿದ್ದು ಇದ್ದರೆ ತಿಳಿಸಿ.

ಮಹಾಗನಿ ತೋಟ

ನಮ್ಮ ಬದುವಿನಲ್ಲಿ ಒಂದು ಹೊರೆ ಬಿದ್ದಿದೆ ಮೇಷ್ಟ್ರೇ. ಭಾನುವಾರ ಬೆಳಿಗ್ಗೆ ಗಾಡಿಯಲ್ಲಿ ಹಾಕಿಕೊಂಡು ಬರುತ್ತೇನೆ. ಕಟ್ಟಲು ಕತ್ತಾಳೆ ನಾರು ನೀವು ನೋಡಿಕೊಳ್ಳಿ.

ನಾಲೆಬಯಲು

ನಾರು ನಾನು ತರುತ್ತೇನೆ. ಅಣ್ಣ, ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಳ್ಳಿ. ಹಾಗೇ ನಿಮ್ಮ ಮರಗಳನ್ನೂ ನೋಡಿದಂತಾಗುತ್ತದೆ.